ಮೊದಲು ಸೈಜ್, ಆಮೇಲೆ ಪ್ರಿಂಟರ್

ಮನೆಗೆ ಫೋಟೋ ಪ್ರಿಂಟರ್ ತರಬೇಕು ಅಂದ ಕೂಡಲೇ ಎಲ್ಲರೂ ಕೇಳುವುದು ಯಾವ ಕಂಪನಿಯದ್ದು ಚೆನ್ನಾಗಿದೆ ಅಂತ. ನಾನು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆ. ಮೊದಲು ಕೈಗೆತ್ತಿಕೊಂಡದ್ದು ಕತ್ತರಿ ಮತ್ತು ಒಂದು ಹಳೆಯ ಕ್ಯಾಲೆಂಡರ್. ಅದರ ಹಾಳೆಗಳಲ್ಲಿ 2×3, 4×6, 5×7, 6×8, 8×12 ಇಂಚಿನ ತುಂಡು ಕತ್ತರಿಸಿ ಮನೆಯವರ ಕೈಗೆ ಕೊಟ್ಟೆ. ದೊಡ್ಡದನ್ನು ಗೋಡೆಗೆ ಅಂಟಿಸಿ ದೂರದಿಂದ ನೋಡಿದೆ.

ಇಂಚಿನ ಲೆಕ್ಕ ಬಾಯಲ್ಲಿ ಹೇಳಿದರೆ ಯಾರಿಗೂ ಅಂದಾಜು ಸಿಗುವುದಿಲ್ಲ. 4×6ಕ್ಕಿಂತ 5×7 ಎಷ್ಟು ದೊಡ್ಡದು? ಒಂದೊಂದು ಇಂಚು ತಾನೇ, ಅನ್ನಿಸುತ್ತದೆ. ಆದರೆ 24 ಚದರ ಇಂಚು 35 ಆಗುತ್ತದೆ. ಹತ್ತಿರ ಹತ್ತಿರ ಒಂದೂವರೆ ಪಟ್ಟು. 8×12ರಲ್ಲಂತೂ 4×6ರ ನಾಲ್ಕು ಫೋಟೋ ಹಿಡಿಯುತ್ತವೆ. ಇದನ್ನೆಲ್ಲ ಕೈಯಲ್ಲಿ ಹಿಡಿದು ನೋಡಿದರೇನೇ ಗೊತ್ತಾಗುವುದು.

ನಮ್ಮ ಮನೆಯಲ್ಲಿ ಫೋಟೋ ಬೇಕಿರುವುದು ಮುಖ್ಯವಾಗಿ ಅಪ್ಪನಿಗೆ. ಮೊಬೈಲ್ ಕೊಟ್ಟರೆ ಬೆರಳು ತಾಗಿ ಫೋಟೋ ಸರಿದುಹೋಗುತ್ತದೆ. ಅವರು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಸ್ಕ್ರೀನ್ ಆರಿರುತ್ತದೆ. ಹಳೆಯ ಆಲ್ಬಂ ಆದರೆ ಗಂಟೆಗಟ್ಟಲೆ ನೋಡುತ್ತಾರೆ. ಅವರು ನೋಡುವ ರೀತಿಯನ್ನೇ ಗಮನಿಸಿದೆ. ಒಬ್ಬಿಬ್ಬರಿರುವ 4×6 ಫೋಟೋ ಸಲೀಸು. ಗ್ರೂಪ್ ಫೋಟೋ ಬಂದರೆ ಎದ್ದು ಕಿಟಕಿ ಹತ್ತಿರ ಹೋಗುತ್ತಾರೆ. ಹತ್ತು ಜನ ಸಾಲಾಗಿ ನಿಂತ ಫೋಟೋ 6 ಇಂಚಿನ ಅಗಲಕ್ಕೆ ಬಂದರೆ ಒಬ್ಬೊಬ್ಬರ ಪಾಲಿಗೆ ಸಿಗುವುದು ಅರ್ಧ ಇಂಚಿನ ಮೇಲೆ ಚೂರು. ಮುಖ ಅದರಲ್ಲೂ ಅರ್ಧ. ಹಾಗಾಗಿ ನಾನು ಕಾಗದದ ಅಳತೆ ಬಿಟ್ಟು ಮುಖದ ಅಳತೆ ಹಿಡಿದುಕೊಂಡೆ. ಅಪ್ಪನಿಗೆ ಕಿಟಕಿಯ ಸಹಾಯವಿಲ್ಲದೆ ಮುಖ ಗುರುತು ಸಿಗಬೇಕು, ಫೋಟೋ ಒಂದೇ ಕೈಯಲ್ಲಿ ಹಿಡಿಯುವ ಹಾಗೂ ಇರಬೇಕು. 8×12 ತುಂಡನ್ನು ಅವರು ಎರಡು ಕೈಯಲ್ಲಿ ಹಿಡಿದು, ಸ್ವಲ್ಪ ಹೊತ್ತಿಗೆ ಮಡಿಲಲ್ಲಿ ಇಟ್ಟುಕೊಂಡರು. ಸರಿಹೋದದ್ದು 5×7.

ಇಲ್ಲಿಗೆ ಅರ್ಧ ಪ್ರಿಂಟರ್‌ಗಳು ಪಟ್ಟಿಯಿಂದ ಹೊರಗೆ ಹೋದವು.

ಜೇಬಿನಲ್ಲಿ ಹಿಡಿಯುವ ಜಿಂಕ್ ಪ್ರಿಂಟರ್‌ಗಳು ಹೆಚ್ಚಾಗಿ 2×3 ಇಂಚಿನವು. ಅವಕ್ಕೆ ಇಂಕ್ ಬೇಕಿಲ್ಲ, ಬಣ್ಣ ಕಾಗದದೊಳಗೇ ಇರುತ್ತದೆ, ಬಿಸಿ ತಾಗಿದಾಗ ಮೂಡುತ್ತದೆ. ಕ್ಷಣದಲ್ಲಿ ಫೋಟೋ ಮೂಡುವ ಫಿಲ್ಮ್ ಬಳಸುವ ಇನ್‌ಸ್ಟ್ಯಾಕ್ಸ್ ಮಿನಿಯಲ್ಲಿ ಚಿತ್ರದ ಜಾಗ 62×46 ಮಿಲಿಮೀಟರ್ ಮಾತ್ರ. ಮಕ್ಕಳು ಪುಸ್ತಕಕ್ಕೆ ಅಂಟಿಸಿಕೊಳ್ಳಲು ಚೆಂದ. ಅಪ್ಪನ ಕೆಲಸಕ್ಕೆ ಆಗದು.

ಬಿಟ್ಟುಕೊಡಲು ನಿಜಕ್ಕೂ ಮನಸ್ಸಾಗದೇ ಇದ್ದದ್ದು ಡೈ ಸಬ್ಲಿಮೇಶನ್ ಪ್ರಿಂಟರ್. ಕ್ಯಾನನ್ ಕಂಪನಿಯ ಸೆಲ್ಫಿ (SELPHY) ಅನ್ನುವ ಪುಟ್ಟ ಪ್ರಿಂಟರ್ ಈ ಜಾತಿಯದ್ದು. ಇದರಲ್ಲಿ ದ್ರವದ ಇಂಕ್ ಇಲ್ಲ, ಬಣ್ಣ ಬಳಿದ ರಿಬ್ಬನ್ ಇರುತ್ತದೆ, ಬಿಸಿ ಮಾಡಿದಾಗ ಆ ಬಣ್ಣ ಕಾಗದಕ್ಕೆ ಇಳಿಯುತ್ತದೆ. ಕಾಗದ ನಾಲ್ಕು ಸಲ ಒಳಗೆ ಹೊರಗೆ ಓಡಾಡುತ್ತದೆ. ಮೊದಲು ಹಳದಿ, ಆಮೇಲೆ ಮಜೆಂಟಾ (ಗಾಢ ಗುಲಾಬಿ), ಆಮೇಲೆ ಸಯಾನ್ (ಹಸಿರು ಬೆರೆತ ನೀಲಿ), ಕೊನೆಗೆ ಮೇಲೊಂದು ಪಾರದರ್ಶಕ ಪದರ. ಹೊರಬಂದ ಕೂಡಲೇ ಒಣಗಿರುತ್ತದೆ. ಒದ್ದೆ ಬೆರಳು ತಾಗಿದರೂ ಬಣ್ಣ ಕಲಸುವುದಿಲ್ಲ. ತಿಂಗಳುಗಟ್ಟಲೆ ಮುಟ್ಟದೆ ಇಟ್ಟರೂ ಕಟ್ಟಿಕೊಳ್ಳಲು ಅದರಲ್ಲಿ ಇಂಕೇ ಇಲ್ಲ. ರಿಬ್ಬನ್ನೂ ಕಾಗದವೂ ಜೊತೆಯಾಗಿ, ಲೆಕ್ಕಕ್ಕೆ ಸರಿಯಾಗಿ ಬರುವುದರಿಂದ ಒಂದು ಫೋಟೋಗೆ ಎಷ್ಟು ಬಿತ್ತು ಅಂತ ಮೊದಲೇ ಹೇಳಬಹುದು. ಆದರೆ ಸೆಲ್ಫಿಯ ದೊಡ್ಡ ಅಳತೆ ಪೋಸ್ಟ್‌ಕಾರ್ಡ್ ಸೈಜ್, ಅಂದರೆ 100×148 ಮಿಲಿಮೀಟರ್. ಅಲ್ಲಿಗೆ ಮುಗಿಯಿತು. ಬೇಕೆಂದಾಗ ಒಂದೆರಡು ಫೋಟೋ ಸಾಕು ಅನ್ನುವ ನನ್ನ ತಂಗಿಗೆ ಮಾತ್ರ ಬೇರೆ ಯೋಚನೆ ಮಾಡದೆ ಇದನ್ನೇ ತಗೋ ಅಂದೆ.

ನನಗೆ ಉಳಿದದ್ದು ಇಂಕ್‌ಜೆಟ್, ಅಂದರೆ ದ್ರವದ ಇಂಕನ್ನು ಸಣ್ಣ ಹನಿಗಳಾಗಿ ಕಾಗದಕ್ಕೆ ಚಿಮ್ಮಿಸುವ ಪ್ರಿಂಟರ್. ಆರು ಬಣ್ಣದ, ಎ4 ಸೈಜಿನ, ಬಾಟಲಿಯಿಂದ ಇಂಕ್ ತುಂಬುವ ಇಂಕ್ ಟ್ಯಾಂಕ್ ಪ್ರಿಂಟರ್ ತಂದೆ. ನಾಲ್ಕು ಬಣ್ಣದ್ದು ಸಾಲದಾ ಅಂತ ಕೇಳಬಹುದು. ಸಾಲುತ್ತದೆ. ಆದರೆ ತಿಳಿ ಸಯಾನ್, ತಿಳಿ ಮಜೆಂಟಾ ಸೇರಿದ್ದರೆ ಕೆನ್ನೆ, ಆಕಾಶದಂಥ ತೆಳು ಬಣ್ಣದ ಜಾಗದಲ್ಲಿ ಚುಕ್ಕೆ ಚುಕ್ಕೆ ಕಾಣುವುದು ಕಡಿಮೆ. ಮುಖ ನೋಡುವುದಕ್ಕೇ ತಾನೇ ಇಷ್ಟೆಲ್ಲ?

ಇಂಕ್‌ಜೆಟ್ ಸುಮ್ನೆ ಮೂಲೆಯಲ್ಲಿ ಕೂರಿಸುವ ಯಂತ್ರವಲ್ಲ. ಬಳಸದೆ ಬಿಟ್ಟರೆ ಇಂಕ್ ಹೊರಬರುವ ಸಣ್ಣ ತೂತಿನಲ್ಲಿ, ಅಂದರೆ ನಾಝಲ್‌ನಲ್ಲಿ, ಇಂಕ್ ಒಣಗಿ ಫೋಟೋದಲ್ಲಿ ಗೆರೆ ಬೀಳುತ್ತದೆ. ಕ್ಲೀನಿಂಗ್ ಒತ್ತಿದರೆ ಒಳ್ಳೆ ಇಂಕೇ ಒಳಗಿನ ವೇಸ್ಟ್ ಪ್ಯಾಡಿಗೆ ಹೋಗಿ ಹಾಳಾಗುತ್ತದೆ. ವಾರಕ್ಕೊಮ್ಮೆ ಎಲ್ಲ ಬಣ್ಣ ಬರುವ ಯಾವುದಾದರೂ ಚಿಕ್ಕ ಚಿತ್ರ ಪ್ರಿಂಟ್ ಮಾಡುವುದು ಅದಕ್ಕಿಂತ ಅಗ್ಗ. ಗಿಡಕ್ಕೆ ನೀರು ಹಾಕಿದ ಹಾಗೆ ನೆನಪಿಟ್ಟು ಮಾಡಬೇಕು. ಅದಾಗದು ಅನ್ನುವವರು ತಂಗಿಯ ದಾರಿ ಹಿಡಿಯಿರಿ.

ಇನ್ನು ಆಕಾರದ ತಕರಾರು. ಮೊಬೈಲ್ ಫೋಟೋದ ಉದ್ದ ಅಗಲದ ಅನುಪಾತ ಸಾಮಾನ್ಯವಾಗಿ 4:3. 4×6 ಕಾಗದ 3:2. ಅಂಚಿಲ್ಲದೆ ಕಾಗದ ತುಂಬಿಸಬೇಕೆಂದರೆ 6 ಇಂಚಿನ ಅಗಲಕ್ಕೆ ಎತ್ತರ 4.5 ಬೇಕು, ಇರುವುದು 4. ಅರ್ಧ ಇಂಚು ಹೋಯಿತು. ಯಾರದೋ ತಲೆ, ಇಲ್ಲವೇ ಎಲ್ಲರ ಪಾದ. 5×7ರಲ್ಲಿ ಹೋಗುವುದು ಕಾಲು ಇಂಚು ಮಾತ್ರ. 6×8 ಆದರೆ ಏನೂ ಹೋಗುವುದಿಲ್ಲ, ಆದರೆ ಒಂದು ಎ4 ಹಾಳೆಯಲ್ಲಿ ಒಂದೇ ಹಿಡಿಯುತ್ತದೆ. 5×7 ಎರಡು ಹಿಡಿಯುತ್ತವೆ. ಹಾಗಾಗಿ 5×7ಕ್ಕೇ ಅಂಟಿಕೊಂಡೆ. ದೊಡ್ಡ ಕ್ಯಾಮೆರಾ ಇರುವವರಿಗೆ ಲೆಕ್ಕ ತಿರುಗುಮುರುಗು. ಅವರ ಫೋಟೋ ಬಹುಪಾಲು 3:2, 4×6ಕ್ಕೂ 8×12ಕ್ಕೂ ನೇರ ಕೂರುತ್ತದೆ. ಯಾವುದೇ ಆಗಲಿ, ಬಾರ್ಡರ್‌ಲೆಸ್ ಇಟ್ಟರೆ ಪ್ರಿಂಟರ್ ಚಿತ್ರವನ್ನು ಚೂರು ಹಿಗ್ಗಿಸಿ ಅಂಚು ನುಂಗುತ್ತದೆ. ನನಗೆ ಬಿಳಿ ಅಂಚೇ ಇಷ್ಟ. ಹಿಡಿಯಲು ಜಾಗ ಇರುತ್ತದೆ, ಮುಖದ ಮೇಲೆ ಬೆರಳಚ್ಚು ಬೀಳುವುದಿಲ್ಲ.

ಪಿಕ್ಸೆಲ್, ಅಂದರೆ ಡಿಜಿಟಲ್ ಫೋಟೋ ಆಗಿರುವ ಚುಕ್ಕೆಗಳ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಇಂಚಿಗೆ 300 ಪಿಕ್ಸೆಲ್ ಅಂತ ಹಿಡಿದರೆ 5×7ಕ್ಕೆ 1500×2100 ಸಾಕು. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೋ 4032×3024 ಇರುತ್ತದೆ. ಅದೇ ಲೆಕ್ಕದಲ್ಲಿ 13 ಇಂಚು ದಾಟುತ್ತದೆ. ತೊಂದರೆ ಕೊಡುವುದು ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ಬಂದ ಫೋಟೋ. ಉದ್ದ 1600 ಪಿಕ್ಸೆಲ್‌ಗೆ ಇಳಿದಿದ್ದರೂ 7 ಇಂಚಿಗೆ ನಡೆಯುತ್ತದೆ, ಇಂಚಿಗೆ 228 ಬೀಳುತ್ತದೆ. 12 ಇಂಚಿಗೆ ಎಳೆದರೆ 133. ಕಣ್ಣುರೆಪ್ಪೆಯೆಲ್ಲ ಮಸುಕು. ಈಗ ನಮ್ಮ ಮನೆಯ ಗ್ರೂಪಿನಲ್ಲಿ ಒಂದು ಕಟ್ಟಪ್ಪಣೆ ಇದೆ: ಪ್ರಿಂಟ್ ಬೇಕಾದ ಫೋಟೋ ಡಾಕ್ಯುಮೆಂಟ್ ಆಗಿ ಕಳಿಸಬೇಕು, ಆಗ ಪಿಕ್ಸೆಲ್ ಇಳಿಯುವುದಿಲ್ಲ.

ಕಾಗದ ಆರಿಸಿದ್ದೂ ಅಪ್ಪನೇ ಅನ್ನಬೇಕು. ಹೊಳೆಯುವ ಗ್ಲಾಸಿ ಕಾಗದದಲ್ಲಿ ಬಣ್ಣ ಎದ್ದು ಕಾಣುತ್ತದೆ ನಿಜ, ಆದರೆ ದೀಪದ ಕೆಳಗೆ ಹಿಡಿದರೆ ದೀಪವೇ ಕಾಣುತ್ತದೆ. ಸಣ್ಣ ತರಿತರಿ ಮೈಯ ಲಸ್ಟರ್ ಕಾಗದದಲ್ಲಿ ಆ ಹೊಳಪು ಒಡೆದುಹೋಗುತ್ತದೆ, ಬೆರಳ ಗುರುತೂ ಕಡಿಮೆ. ಪ್ರಿಂಟ್ ಕೊಡುವಾಗ ಸೆಟ್ಟಿಂಗ್‌ನಲ್ಲಿ ಕಾಗದದ ಬಗೆ ಸರಿಯಾಗಿ ಆರಿಸಬೇಕು. ಮಾಮೂಲಿ ಹಾಳೆ ಅಂತ ಬಿಟ್ಟರೆ ಎಂಥ ಒಳ್ಳೆ ಕಾಗದವೂ ಮಂಕು. ಸ್ಕ್ರೀನ್ ಬ್ರೈಟ್‌ನೆಸ್ ಪೂರ್ತಿ ಇಟ್ಟು ಫೋಟೋ ತಿದ್ದಿದರೂ ಪ್ರಿಂಟ್ ಕಪ್ಪಾಗಿ ಕಾಣುತ್ತದೆ, ಅದನ್ನು ಇಳಿಸಿಯೇ ಕೂರಬೇಕು. ಬಂದ ಫೋಟೋವನ್ನು ಆ ದಿನವೇ ಆಲ್ಬಂ ಕವರಿಗೆ ತುರುಕಬೇಡಿ, ಒಂದು ದಿನ ಆರಲಿ. ನನ್ನ ಪ್ರಿಂಟರಿನದು ಡೈ ಇಂಕ್, ಅಂದರೆ ದ್ರವದಲ್ಲಿ ಕರಗಿದ ಬಣ್ಣ. ಗಾಳಿ ಬೆಳಕಿಗೆ ಬಿಟ್ಟರೆ ಬೇಗ ಮಾಸುತ್ತದೆ. ಹೊರಗಿಡುವುದಾದರೆ ಗಾಜಿನ ಫ್ರೇಮು ಬೇಕೇ ಬೇಕು.

ಅಣ್ಣನದು ಒಂದೇ ವಾದ. "ಹೇಗೂ ಖರ್ಚು ಮಾಡಿದೆಯಲ್ಲ, ಎ3 ಪ್ಲಸ್ ತಗೊಂಡಿದ್ದರೆ ಗೋಡೆಗೂ ಆಗ್ತಿತ್ತು ಅಲ್ವಾ?" 13×19 ಇಂಚು ಪ್ರಿಂಟ್ ಹಾಕುವ ಯಂತ್ರಕ್ಕೆ ಅಷ್ಟೇ ದೊಡ್ಡ ಮೇಜು ಬೇಕು, ಅಷ್ಟೇ ಇಂಕ್ ಬೇಕು. ನಮ್ಮ ಗೋಡೆಗೆ ಹೊಸ ಫೋಟೋ ಏರುವುದು ಯಾವಾಗಲೋ ಒಮ್ಮೆ. ಅದನ್ನು ಲ್ಯಾಬಿಗೇ ಕೊಡುತ್ತೇನೆ ಅಂದೆ. ಅವನು ಒಪ್ಪಿಲ್ಲ. ಅವನಿಗೆ ಬೇಕಿರುವ 12×18ನ್ನು ಮಾತ್ರ ಲ್ಯಾಬಿಗೆ ಕೊಡು ಅಂತ ಫೈಲ್ ಕಳಿಸಿದ್ದಾನೆ. ಅದೂ ಡಾಕ್ಯುಮೆಂಟ್ ಆಗಿ ಕಳಿಸಿಲ್ಲ.