ಎಲೆಯ ರಸ ಸಾಲದೇ, ಜೆಲ್ ಏಕೆ?

ಗಾಯ ಮಾಯಿಸುವ ಗಿಡಮೂಲಿಕೆ ಜೆಲ್‌ಗಳನ್ನು ರೂಪಿಸುವುದು ನನ್ನ ಕೆಲಸವೆಂದು ತಿಳಿದವರು ತಪ್ಪದೆ ಕೇಳುತ್ತಾರೆ: ಎಲೆಯನ್ನು ಅರೆದು ನೇರವಾಗಿ ಹಚ್ಚಿದರೆ ಸಾಲದೇ, ಇಷ್ಟೆಲ್ಲ ಉಪದ್ವ್ಯಾಪವೇಕೆ?

ಸಾಲದು ಎಂಬುದೇ ನನ್ನ ಉತ್ತರ. ಒಂದೆಲಗದಲ್ಲಿರುವ ಏಷಿಯಾಟಿಕೋಸೈಡ್ ಎಂಬ ಸಂಯುಕ್ತ ಚರ್ಮದಲ್ಲಿ ಕೊಲಾಜೆನ್ ಎಂಬ, ಚರ್ಮಕ್ಕೆ ಬಲ ಕೊಡುವ ಪ್ರೋಟೀನಿನ ಉತ್ಪತ್ತಿಯನ್ನು ಪ್ರಚೋದಿಸುತ್ತದೆಯಾದರೂ, ಬೆಳೆದ ನೆಲ ಮತ್ತು ಕೊಯ್ಲಿನ ಕಾಲಕ್ಕೆ ತಕ್ಕಂತೆ ಅದರ ಪ್ರಮಾಣ ಬದಲಾಗುವುದರಿಂದ, ಅರೆದ ಹಿಡಿ ಎಲೆಯಲ್ಲಿ ಎಷ್ಟು ಔಷಧವಿದೆಯೆಂದು ಹೇಳಲು ಬರುವುದಿಲ್ಲ. ಮೇಲಾಗಿ, ಹಸಿ ಎಲೆಗೆ ಅಂಟಿದ ಮಣ್ಣಿನಲ್ಲಿ ಧನುರ್ವಾಯುವಿನ ಬೀಜಕಗಳಿರಬಹುದು. ಲೋಳೆಸರದ ತಿರುಳು ಸೌಮ್ಯವಾದರೂ ಅದರ ಸಿಪ್ಪೆಯಡಿಯ ಹಳದಿ ರಸ ಚರ್ಮವನ್ನು ಕೆರಳಿಸಬಲ್ಲದು.

ಜೆಲ್ ಮಾಡುವುದೂ ಸುಲಭವಲ್ಲ. ಸಾಮಾನ್ಯವಾಗಿ ಶೇ 1ರ ಆಸುಪಾಸಿನಲ್ಲಿ ಕಾರ್ಬೊಪಾಲ್ (ಎಳೆಯಂಥ ಉದ್ದ ಅಣುಗಳ ಪಾಲಿಮರ್) ಪುಡಿಯನ್ನು ನೀರಿನಲ್ಲಿ ನೆನೆಸಿ, ಟ್ರೈಎಥನಾಲಮೈನ್ ಎಂಬ ಕ್ಷಾರವನ್ನು ಹನಿಹನಿಯಾಗಿ ಬೆರೆಸಿದಾಗ, ಆಮ್ಲೀಯತೆ ತಗ್ಗಿ, ಸುರುಳಿಯಾಗಿದ್ದ ಪಾಲಿಮರ್ ಎಳೆಗಳು ಋಣ ವಿದ್ಯುದಂಶ ಪಡೆದು ಒಂದನ್ನೊಂದು ದೂಡುತ್ತ ಬಿಚ್ಚಿಕೊಳ್ಳುತ್ತವೆ. ದ್ರವ ಜೆಲ್ ಆಗುತ್ತದೆ. ಸಸ್ಯಸಾರದಲ್ಲಿರುವ ಲವಣಗಳು ಈ ದೂಡುವಿಕೆಯನ್ನು ಕುಗ್ಗಿಸುವುದರಿಂದ, ಸಾರ ಹೆಚ್ಚಾದರೆ ಜೆಲ್ ಮತ್ತೆ ತೆಳುವಾಗುತ್ತದೆ. ಮೂಲಿಕೆ ಹೆಚ್ಚಿದಷ್ಟೂ ಒಳ್ಳೆಯದೆನ್ನುವವರಿಗೆ ಇದನ್ನು ಒಪ್ಪಿಸುವುದು ಕಷ್ಟ. ಇನ್ನು ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ಬೆಳಕಿಗೂ ಕ್ಷಾರಕ್ಕೂ ಕೆಡುತ್ತದೆ. ನೀರಿರುವಲ್ಲಿ ಸೂಕ್ಷ್ಮಾಣುಗಳು ಬೆಳೆಯುವುದರಿಂದ, 'ಸಂಪೂರ್ಣ ನೈಸರ್ಗಿಕ' ಎಂಬ ಹೆಮ್ಮೆಯನ್ನು ಬದಿಗಿಟ್ಟು ಸಂರಕ್ಷಕವನ್ನೂ ಸೇರಿಸಬೇಕಾಗುತ್ತದೆ.

ಇಷ್ಟಾದ ಮೇಲೂ ಗಾಯ ಮಾಯಿಸಿದ್ದು ಮೂಲಿಕೆಯೇ ಎಂಬುದು ಖಚಿತವಲ್ಲ. ತೇವವಾಗಿಟ್ಟ ಗಾಯ ಬೇಗ ಮಾಯುತ್ತದೆ: ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲುಮೇಲಿನ ಗಾಯಗಳನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿದಾಗ, ತೆರೆದಿಟ್ಟ ಗಾಯಗಳಿಗಿಂತ ಸುಮಾರು ಎರಡು ಪಟ್ಟು ವೇಗವಾಗಿ ಹೊಸ ಮೇಲ್ಪದರ ಬೆಳೆದಿತ್ತು. ಜೆಲ್ ಕೂಡ ತೇವವನ್ನು ಹಿಡಿದಿಡುವುದರಿಂದ, ಮೂಲಿಕೆಯಿಲ್ಲದ ಬರಿಯ ಜೆಲ್ ಹಚ್ಚಿದ ಗುಂಪನ್ನೂ ಪ್ರಯೋಗದಲ್ಲಿ ಇಡಲೇಬೇಕು. ಏನನ್ನೂ ಹಚ್ಚದ ಗಾಯದೊಂದಿಗೆ ಮಾತ್ರ ಹೋಲಿಸಿದ ಫಲಿತಾಂಶಗಳನ್ನು ನಾನು ನೆಚ್ಚುವುದಿಲ್ಲ. ಇಲಿಗಳ ಮೇಲಿನ ಫಲಿತಾಂಶಗಳಿಗೂ ಒಂದು ಮಿತಿಯುಂಟು. ಅವುಗಳ ಸಡಿಲ ಚರ್ಮದಡಿ ತೆಳುವಾದ ಸ್ನಾಯುಪದರವಿದ್ದು, ಗಾಯ ಬಹುಮಟ್ಟಿಗೆ ಅಂಚುಗಳ ಸಂಕೋಚನದಿಂದಲೇ ಮುಚ್ಚಿಕೊಳ್ಳುತ್ತದೆ, ಆದರೆ ಮನುಷ್ಯನಲ್ಲಿ ಹೊಸ ಅಂಗಾಂಶ ತುಂಬಿ ಅದರ ಮೇಲೆ ಮೇಲ್ಪದರ ಹರಡಬೇಕು.

ಹಾಗಾಗಿ ಸಣ್ಣ ತರಚುಗಾಯಕ್ಕೆ ಪರೀಕ್ಷಿಸಿ ತಯಾರಿಸಿದ ಜೆಲ್ ಹಚ್ಚಲು ನನ್ನ ಅಭ್ಯಂತರವಿಲ್ಲ. ಆಳವಾದ ಗಾಯ, ಕೀವು ತುಂಬಿದ ಗಾಯ ಅಥವಾ ಮಧುಮೇಹಿಗಳ ಪಾದದ ಹುಣ್ಣಾದರೆ ಎಲೆಯನ್ನೂ ಜೆಲ್ಲನ್ನೂ ಬಿಟ್ಟು ಮೊದಲು ವೈದ್ಯರಿಗೆ ತೋರಿಸಬೇಕು.