ಫುಲ್ವೆಟ್ಟಾ ಮತ್ತೆ ಕೊಂಬೆ ಬದಲಿಸಿತು

ಮೊನ್ನೆ ರಾತ್ರಿ ಹನ್ನೊಂದಕ್ಕೆ ಉಳಿ ಹಿಡಿದು ಕೂತಿದ್ದೆ. ಗೋಡೆ ಮೇಲೆ ಹರಟೆಮಲ್ಲ (ಬ್ಯಾಬ್ಲರ್) ಹಕ್ಕಿಗಳ ವಂಶವೃಕ್ಷ ಮಾಡಿದ್ದೀನಿ, ಒಂದೊಂದು ಕುಟುಂಬಕ್ಕೆ ಒಂದೊಂದು ಕೊಂಬೆ, ಅದರ ಮೇಲೆ ಪ್ಲೈವುಡ್ ಹಕ್ಕಿಗಳು. ಅದರಿಂದ ಒಂದೇ ಹಕ್ಕಿಯನ್ನು ಮೂರನೇ ಸಲ ಕೀಳೋ ಕೆಲಸ. ಪ್ಲೈವುಡ್ ಕೊಯ್ದದ್ದು, ಉಜ್ಜಿದ್ದು ಎಲ್ಲ ಹಳೇ ಕಥೆ, ಬಿಡಿ. ಹೊರಪೇಟೆಯ ಅಂಗಡಿಯವರು 9 ಮಿಮೀ ಅಂತ ಹೇಳಿ 6 ಮಿಮೀ ಹಲಗೆ ಕೊಟ್ಟದ್ದನ್ನು ಮಾತ್ರ ಬಿಡಲಾರೆ.

ತಕರಾರಿನ ಹಕ್ಕಿ ಕಂದು ಕೆನ್ನೆಯ ಫುಲ್ವೆಟ್ಟಾ. ಬಿಸಿಲೆ ಕಾಡಲ್ಲಿ ಕಂಡಿದ್ದು. ಬೂದು ತಲೆ, ಕಂದು ಮೈ, ಹುಬ್ಬಿಲ್ಲ, ಪಟ್ಟಿಯಿಲ್ಲ. ಬಣ್ಣ ಬಳಿಯೋಕೆ ಹತ್ತು ನಿಮಿಷ ಸಾಕಾಯಿತು. ಕೂರಿಸೋಕೆ ಎರಡು ವರ್ಷ!

ಹಳೇ ಪುಸ್ತಕ ನೋಡಿ ಮೊದಲು ಟಿಮಾಲಿಡೆ ಅನ್ನೋ ಕುಟುಂಬದ ಕೊಂಬೆಗೆ ಅಂಟಿಸಿದೆ. ಆಮೇಲೆ ನೋಡಿದ ಪಟ್ಟಿಯಲ್ಲಿ ಅದು ಪೆಲ್ಲೋರ್ನಿಡೆ. ಕಿತ್ತೆ, ಅಂಟಿಸಿದೆ. ಇನ್ನೊಂದು ಪಟ್ಟಿ ಲಿಯೋಥ್ರಿಕಿಡೆ ಅಂತು, ಅಂದರೆ ನಮ್ಮ ಹಿತ್ತಲಲ್ಲಿ ಗಲಾಟೆ ಮಾಡೋ, ಏಳು ಅಕ್ಕತಂಗಿಯರು ಅಂತ ಕರೆಯೋ ಹರಟೆಮಲ್ಲಗಳ ಕೊಂಬೆ. ಮತ್ತೆ ಕಿತ್ತೆ. ಈಗ ನೋಡಿದರೆ 2019ರ ಡಿಎನ್‌ಎ ಅಧ್ಯಯನದವರು ಈ ಹಕ್ಕಿಯ ಕುಲಕ್ಕೆ (ಕುಟುಂಬದೊಳಗಿನ ಚಿಕ್ಕ ಗುಂಪು, ಹೆಸರು ಆಲ್ಸಿಪ್ಪೆ) ಬೇರೆ ಮನೆಯನ್ನೇ ಮಾಡಿಕೊಟ್ಟಿದ್ದಾರೆ. ಆಲ್ಸಿಪ್ಪೆಯಿಡೆ. ಒಂದೇ ಕುಲ ಇರೋ ಕುಟುಂಬ!

ಇನ್ನೂ ತಮಾಷೆ ಇದೆ. ಒಂದು ಕಾಲಕ್ಕೆ ಫುಲ್ವೆಟ್ಟಾ ಅಂತ ಕರೆಸಿಕೊಂಡವೆಲ್ಲ ಈ ಕುಲದಲ್ಲೇ ಇದ್ದವು. ಒಂದಷ್ಟು ಸ್ಕೀನಿಪಾರಸ್ ಕುಲಕ್ಕೆ ಹೋದವು, ಇನ್ನೊಂದಷ್ಟು ಫುಲ್ವೆಟ್ಟಾ ಅನ್ನೋ ಕುಲಕ್ಕೇ ಹೋದವು. ನಮ್ಮ ಫುಲ್ವೆಟ್ಟಾ ಮಾತ್ರ ಆ ಫುಲ್ವೆಟ್ಟಾದಲ್ಲಿ ಇಲ್ಲ. 1844ರಲ್ಲಿ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬ್ಲೈತ್ ಕಟ್ಟಿದ ಆಲ್ಸಿಪ್ಪೆ ಕುಲಕ್ಕೆ ಮಾದರಿ (ಕುಲದ ಹೆಸರು ಅಂಟಿಕೊಂಡಿರೋ ಹಕ್ಕಿ) ಇದೇ, ಹಾಗಾಗಿ ಪಾಲಾದ ಮೇಲೆ ಹಳೇ ಮನೆ ಹೆಸರು ಇದಕ್ಕೇ ಉಳೀತು.

ಇನ್ನು ಅಂಟಿನ ಸಹವಾಸ ಬೇಡ ಅಂತ 10 ಮಿಮೀ ಆಯಸ್ಕಾಂತ ತರಿಸಿದೆ. ಹಕ್ಕಿ ಬೆನ್ನಿಗೊಂದು, ಕೊಂಬೆಗೊಂದು. ಬಂದ ಇಪ್ಪತ್ತರಲ್ಲಿ ಆರು ಒಡೆದಿದ್ದವು. ಉಳಿದವನ್ನು ಕೂರಿಸಿ, ಫುಲ್ವೆಟ್ಟಾ ಹಿಡಿದು ಹೊಸ ಕೊಂಬೆ ಹತ್ತಿರ ತಂದೆ. ಟಪ್ ಅಂತ ಪಕ್ಕಕ್ಕೆ ಹಾರಿ ನೆಲಕ್ಕೆ ಬಿತ್ತು. ಟಿಮಾಲಿಡೆಗೆ ಹಿಡಿದೆ, ಅಲ್ಲೂ ಹಾಗೇ. ಎಲ್ಲೂ ಸಲ್ಲದು! ಅರ್ಧ ಗಂಟೆ ಆದ ಮೇಲೆ ಹೊಳೀತು, ಅದರ ಬೆನ್ನಿನ ಆಯಸ್ಕಾಂತವನ್ನೇ ತಿರುಗಾ ಮುರುಗಾ ಹಾಕಿದ್ದೆ. ತೆಗೆದು ತಿರುಗಿಸಿದೆ. ಈಗ ಗಟ್ಟಿಯಾಗಿ ಕೂತಿದೆ, ಬಾಗಿಲು ಧಡ್ ಅಂದ್ರೂ ಅಲ್ಲಾಡಲ್ಲ.

ಮುಂದಿನದು ಹಳದಿ ಗಂಟಲಿನ ಪಿಕಳಾರ. ನಂದಿಬೆಟ್ಟದ ಬಂಡೆ ಮೇಲೆ ಕೂತ ಹಾಗೆ, ನಿಜವಾದ ಅಳತೆಯಲ್ಲೇ. ಚನ್ನಪಟ್ಟಣದ ಬೊಂಬೆಗೆ ಬಳಸೋ ಆಲೆ ಮರವೇ ಬೇಕು, ಯಾರಿಗಾದರೂ ಒಣಗಿದ ತುಂಡು ಸಿಕ್ಕರೆ ಹೇಳಿ.

ಅದಕ್ಕೂ ಮುಂಚೆ ಇನ್ನೊಂದು ಬಾಕಿ ಇದೆ. ಹಳದಿ ಕಣ್ಣಿನ ಹರಟೆಮಲ್ಲ ಈಗ ಪ್ಯಾರಾಡಾಕ್ಸೋರ್ನಿಥಿಡೆಯಂತೆ. ನಮ್ಮ ಗೋಡೆಯಲ್ಲಿ ಇನ್ನೂ ಟಿಮಾಲಿಡೆಯಲ್ಲೇ ಕೂತಿದೆ. ಅದಕ್ಕೆ ಹಾಕಿರೋದು ಫೆವಿಕಾಲ್.