ಹುರುಳಿಗೆ ಒಬ್ಬ ಡಾಕ್ಟ್ರನ್ನು ಹುಡುಕಿದ್ದು

ಡಾಕ್ಟ್ರ ಹತ್ತಿರ ದುಡ್ಡಿನ ಮಾತು ಎತ್ತಲು ನಮಗೆಲ್ಲ ಸಂಕೋಚ. ಸಂತೆಯಲ್ಲಿ ಬೀನ್ಸ್ ಕೊಳ್ಳುವಾಗ ಎರಡು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಡಾಕ್ಟ್ರು ಬಿಲ್ ಬರೆದರೆ ಮಾತಾಡದೆ ಕೊಟ್ಟು ಬರುತ್ತೇವೆ. ಮನೆಗೆ ನಾಯಿಮರಿ ತಂದವರು ಈ ಸಂಕೋಚವನ್ನು ಮೊದಲ ದಿನವೇ ಬಿಡಬೇಕು ಅಂತ ನನಗೆ ಬಲವಾಗಿ ಅನ್ನಿಸಿದೆ. "ಒಟ್ಟು ಎಷ್ಟಾಗುತ್ತೆ ಡಾಕ್ಟ್ರೇ?" ಅಂತ ಮುಖ ನೋಡಿ ಕೇಳಿಬಿಡಿ. ಅದಕ್ಕೆ ಅವರು ಉತ್ತರ ಕೊಡುವ ರೀತಿಯಲ್ಲೇ ಅವರನ್ನು ನಂಬಬಹುದೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ಗೊತ್ತಾಗುತ್ತದೆ.

ನನ್ನದು ಶಿವಮೊಗ್ಗದಲ್ಲಿ ಒಂದು ಸಣ್ಣ ಹೊಲಿಗೆ ಅಂಗಡಿ. ಬ್ಲೌಸು, ಸೀರೆಗೆ ಫಾಲು, ಜೂನ್ ಬಂತೆಂದರೆ ಶಾಲೆ ಯೂನಿಫಾರಂ. ತೀರ್ಥಹಳ್ಳಿ ಹತ್ತಿರ ತೋಟ ಮಾಡಿಕೊಂಡಿರುವ ನನ್ನ ತಮ್ಮ ಮೇ ಕೊನೆಯಲ್ಲಿ ಒಂದೂವರೆ ತಿಂಗಳ ಹೆಣ್ಣು ಮರಿಯನ್ನು ತಂದುಕೊಟ್ಟ. ನಾಟಿ ನಾಯಿ. ಮೈ ಪೂರ್ತಿ ಹುರುಳಿಕಾಳಿನ ಬಣ್ಣ. ಮಗ ಹುರುಳಿ ಅಂತಲೇ ಕರೆದ, ಅದೇ ನಿಂತಿತು. ಯೂನಿಫಾರಂ ಬಟ್ಟೆಗೆ ದುಡ್ಡು ಹಾಕಿದ್ದೆ, ಕೂಲಿ ಇನ್ನೂ ಕೈಗೆ ಬಂದಿರಲಿಲ್ಲ. ಹಾಗಾಗಿ ಖರ್ಚಿನ ಲೆಕ್ಕ ಹಾಕದೆ ನನಗೆ ಬೇರೆ ದಾರಿಯೇ ಇರಲಿಲ್ಲ.

ಮೊದಲು ಹೋದದ್ದು ಗಾಜಿನ ಬಾಗಿಲು, ಎಸಿ ಇರುವ ಒಂದು ಕ್ಲಿನಿಕ್‌ಗೆ. ಅಲ್ಲಿನವರು ಮರಿಯನ್ನು ಮುಟ್ಟುವ ಮೊದಲೇ ಸಿರಿಂಜ್ ತೆಗೆದರು. ಏನು ಇಂಜೆಕ್ಷನ್, ಎಷ್ಟಾಗುತ್ತೆ ಅಂತ ಕೇಳಿದೆ. "ಮೊದಲು ಹಾಕಿಸಿ ಅಮ್ಮ, ಆಮೇಲೆ ಕೌಂಟರಲ್ಲಿ ಹೇಳ್ತಾರೆ" ಅಂದರು. ಅಷ್ಟರಲ್ಲಿ ಮೇಜಿನ ಮೇಲೆ ಕ್ಯಾಲ್ಸಿಯಂ ಟಾನಿಕ್, ಶಾಂಪೂ, ಹೊರದೇಶದ ಫುಡ್ ಪ್ಯಾಕೆಟ್ ಬಂದು ಕೂತಿದ್ದವು. ತೂಕ ನೋಡಲಿಲ್ಲ, ಜ್ವರ ನೋಡಲಿಲ್ಲ. ನಾಳೆ ಬರುತ್ತೇನೆ ಅಂತ ಹೇಳಿ ಮರಿಯನ್ನು ಎತ್ತಿಕೊಂಡು ಹೊರಟುಬಂದೆ. ಎರಡು ಬೀದಿ ದಾಟುವವರೆಗೂ ನನ್ನ ಕೈ ನಡುಗುತ್ತಿತ್ತು. ಲಸಿಕೆ ತಡವಾದರೆ ಏನು ಗತಿ ಅನ್ನುವ ಭಯ ಒಂದು ಕಡೆ, ಹೀಗೆ ಹಾಕಿಸಿಕೊಳ್ಳಬಾರದು ಅನ್ನುವ ಹಟ ಇನ್ನೊಂದು ಕಡೆ.

ಅಂಗಡಿಗೆ ಬರುವ ಹೆಂಗಸರನ್ನೆಲ್ಲ ವಿಚಾರಿಸತೊಡಗಿದೆ. ಹಾಲಿನ ಡೈರಿಗೆ ಹೋಗುವ ಒಬ್ಬ ಅಕ್ಕ ಒಬ್ಬ ಮೇಡಂ ಹೆಸರು ಹೇಳಿದರು. "ದನದ ಡಾಕ್ಟ್ರೇ, ಆದ್ರೆ ನಾಯಿಗೂ ಚೆನ್ನಾಗಿ ನೋಡ್ತಾರೆ" ಅಂತ. ನಮ್ಮ ಕಡೆ ಪಶುವೈದ್ಯರೆಲ್ಲ ದನದ ಡಾಕ್ಟ್ರೇ ಅಲ್ವಾ. ಓದು ಎಲ್ಲರದೂ ಅದೇ, ಬಿ.ವಿ.ಎಸ್ಸಿ. ಅಂಡ್ ಎ.ಎಚ್. ಹಸು, ನಾಯಿ, ಕುರಿ, ಕೋಳಿ ಎಲ್ಲವೂ ಅದರಲ್ಲಿ ಬರುತ್ತದೆ. ನೋಡಬೇಕಾದ್ದು ನೋಂದಣಿ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಣಿ ಆದವರು ಮಾತ್ರ ಪಶುವೈದ್ಯರಾಗಿ ಕೆಲಸ ಮಾಡಬಹುದು. ನಮ್ಮಲ್ಲಿ ಆ ನೋಂದಣಿ ಮಾಡುವುದು ಕರ್ನಾಟಕ ಪಶುವೈದ್ಯಕೀಯ ಪರಿಷತ್ತು. ಮೇಡಂ ಕೊಡುವ ಚೀಟಿಯಲ್ಲಿ, ಲಸಿಕೆ ಕಾರ್ಡಿನಲ್ಲಿ, ಸೀಲಿನಲ್ಲಿ ಆ ನಂಬರ್ ಇದೆ. ಮನೆಗೇ ಬಂದು ಕಡಿಮೆಗೆ ಇಂಜೆಕ್ಷನ್ ಹಾಕಿ ಹೋಗುವವರು ನಮ್ಮ ಬಡಾವಣೆಯಲ್ಲೂ ಇದ್ದಾರೆ. ಅವರ ಹತ್ತಿರ ಈ ನಂಬರ್ ಕೇಳಿ ನೋಡಿ.

ಮೇಡಂ ಕ್ಲಿನಿಕ್ ಒಂದೇ ಕೋಣೆ. ಒಂದು ಸ್ಟೀಲ್ ಟೇಬಲ್. ನಮಗಿಂತ ಮುಂಚೆ ಬಂದಿದ್ದ ನಾಯಿ ಇಳಿದ ಮೇಲೆ ಅವರೇ ಟೇಬಲ್ ಒರೆಸಿದರು. ಬ್ಲೀಚಿಂಗ್ ವಾಸನೆ ಬಂತು. ಮರಿಗಳಿಗೆ ವಾಂತಿ, ಭೇದಿ ತರುವ ಪಾರ್ವೊ ವೈರಸ್ ಮಾಮೂಲಿ ಫಿನಾಯಿಲ್‌ಗೆ ಸಾಯುವುದಿಲ್ಲವಂತೆ, ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದಂತೆ. "ಲಸಿಕೆ ಪೂರ್ತಿ ಆಗೋ ತನಕ ಯಾವ ಆಸ್ಪತ್ರೆಗೆ ಹೋದರೂ ಮರಿನ ನೆಲಕ್ಕೆ ಬಿಡಬೇಡಿ, ನನ್ನ ಕ್ಲಿನಿಕ್ ಆದ್ರೂ ಸರಿ" ಅಂದರು. ಈ ಮಾತು ನನಗೆ ತುಂಬಾ ಇಷ್ಟವಾಯಿತು.

ಆಮೇಲೆ ಹುರುಳಿಯನ್ನು ತಕ್ಕಡಿ ಮೇಲೆ ಇಟ್ಟು ತೂಕ ಬರೆದರು. ವಸಡು ಒತ್ತಿ ನೋಡಿದರು, ಎದೆಗೆ ಸ್ಟೆತೊಸ್ಕೋಪ್ ಇಟ್ಟರು, ಹೊಕ್ಕುಳ ಹತ್ತಿರ ಬೆರಳಾಡಿಸಿದರು, ಜ್ವರ ನೋಡಿದರು. 102 ಡಿಗ್ರಿ ಇತ್ತು. ನಾನು ಗಾಬರಿಯಾದೆ. ನಾಯಿಗಳ ಮೈ ನಮಗಿಂತ ಬಿಸಿ, 101ರಿಂದ 102.5 ಅವಕ್ಕೆ ಸರಿಯಾದ್ದೇ ಅಂದರು. ಆಗ ನಾನು ನನ್ನ ಪ್ರಶ್ನೆ ಕೇಳಿದೆ. ಅವರು ಒಂದು ಹಾಳೆ ತೆಗೆದುಕೊಂಡು ಸಾಲಾಗಿ ಬರೆದರು. ನೋಡುವ ಫೀಸು 250. ಜಂತುಹುಳದ ಔಷಧಿ ಇಷ್ಟು. ಪಾರ್ವೊ, ಡಿಸ್ಟೆಂಪರ್, ಇಲಿಜ್ವರ ಎಲ್ಲ ಸೇರಿದ ಲಸಿಕೆ ಒಂದು ಸಲಕ್ಕೆ 700. ಅದು ಎಷ್ಟು ಸಲ, ಯಾವ ತಿಂಗಳು ಅಂತಲೂ ಬರೆದರು. ಕ್ಯಾಲ್ಸಿಯಂ ಟಾನಿಕ್ ಬೇಕಾ ಅಂತ ಕೇಳಿದರೆ "ಮೊಟ್ಟೆ, ಅನ್ನ, ಸ್ವಲ್ಪ ಕೋಳಿ ತಿಂದುಕೊಂಡಿದೆ, ಮರಿಗಳ ಫುಡ್ಡೂ ಸ್ವಲ್ಪ ಕೊಡಿ, ಟಾನಿಕ್ ಈಗ ಬೇಡ" ಅಂದರು. ಬೇಡ ಅನ್ನುವ ಮಾತು ಅವರ ಬಾಯಲ್ಲಿ ಸಲೀಸಾಗಿ ಬರುತ್ತದೆ.

ಒಂದೇ ಲಸಿಕೆಯನ್ನು ಮತ್ತೆ ಮತ್ತೆ ಯಾಕೆ ಹಾಕಬೇಕು, ಇದು ದುಡ್ಡು ಮಾಡುವ ದಾರಿ ಅಲ್ವಾ ಅಂತ ನನಗೂ ಅನುಮಾನ ಇತ್ತು. ಮೇಡಂ ಗಿಣ್ಣು ಹಾಲಿನಿಂದ ಶುರು ಮಾಡಿದರು. ಕರುವಿಗೆ ಗಿಣ್ಣು ಕುಡಿಸುವುದು ಯಾಕೆ ಅಂತ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ನಾಯಿಮರಿಗೂ ತಾಯಿಯ ಮೊದಲ ಹಾಲಿನಿಂದ ರೋಗ ತಡೆಯುವ ಶಕ್ತಿ ಬರುತ್ತದೆ. ಆ ಶಕ್ತಿ ಮೈಯಲ್ಲಿ ಇರುವಷ್ಟು ದಿನ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಯಾವ ಮರಿಗೆ ಅದು ಯಾವ ವಾರ ಇಳಿಯುತ್ತದೆ ಅಂತ ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕುತ್ತಾರೆ. ಕೊನೆಯದನ್ನು ತಪ್ಪಿಸಿದರೆ ಮೊದಲು ಹಾಕಿಸಿದ್ದೂ ವ್ಯರ್ಥವಾಗಬಹುದು. ಪಾರ್ವೊ ಬಂದರೆ ವಾಂತಿ, ರಕ್ತಭೇದಿ, ದಿನಗಟ್ಟಲೆ ಡ್ರಿಪ್. ಅದರ ಖರ್ಚು ಸಾವಿರಗಳಲ್ಲಿ, ಆದರೂ ಎಷ್ಟೋ ಮರಿಗಳು ಉಳಿಯುವುದಿಲ್ಲ. ಮೂರು ಲಸಿಕೆಯ ದುಡ್ಡು ಅದರ ಮುಂದೆ ಏನೂ ಅಲ್ಲ.

ಮಲೆನಾಡಿನವರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. ಕರೆಂಟ್ ಹೋದಾಗ ಲಸಿಕೆ ಎಲ್ಲಿಡುತ್ತೀರಿ? ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಬಿಸಿಯಾದರೂ ಕೆಡುತ್ತದೆ, ರೇಬಿಸ್ ಲಸಿಕೆಯಂಥವು ಹೆಪ್ಪುಗಟ್ಟಿದರೂ ಕೆಡುತ್ತವೆ. ಜುಲೈ ಮಳೆಗೆ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ. ಮೇಡಂ ಫ್ರಿಜ್ ಬಾಗಿಲು ತೆಗೆದು ಒಳಗಿನ ಥರ್ಮಾಮೀಟರ್ ತೋರಿಸಿದರು. ಇನ್ವರ್ಟರ್ ಇದೆ, ಐಸ್ ಪ್ಯಾಕ್ ಇಟ್ಟ ಡಬ್ಬವೂ ಇದೆ. ಬಾಟಲಿಯನ್ನು ನನ್ನ ಕಣ್ಣೆದುರೇ ಒಡೆದು ಕಲಸಿ ಹಾಕಿದರು. ಅದರ ಮೇಲಿನ ಸ್ಟಿಕ್ಕರ್ ಕಿತ್ತು ಕಾರ್ಡಿಗೆ ಅಂಟಿಸಿದರು. ಬ್ಯಾಚ್ ನಂಬರ್, ಅವಧಿ ಮುಗಿಯುವ ತಾರೀಕು ಎರಡೂ ಅದರಲ್ಲಿರುತ್ತವೆ. ಬರೀ ತಾರೀಕು ಗೀಚಿ ಸಹಿ ಹಾಕಿದ ಕಾರ್ಡನ್ನು ಒಪ್ಪಿಕೊಳ್ಳಬೇಡಿ.

ಒಂದು ಸಲ ನಮ್ಮ ಅತ್ತೆಯೂ ಜೊತೆಗೆ ಬಂದಿದ್ದರು. ಹಿಂದೆ ತೋಟದ ಮನೆಯಲ್ಲಿ ನಾಯಿಗೆ ಹುಳ ಆದರೆ ಅಡಿಕೆ ಅರೆದು ಹಾಕುತ್ತಿದ್ದೆವು, ಇಷ್ಟೆಲ್ಲ ಮಾತ್ರೆ ಯಾಕೆ ಅಂತ ಕೇಳಿದರು. ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರೇನೋ. ಮೇಡಂ ನಗಲಿಲ್ಲ. "ನೀವು ಹೇಳೋದು ನಿಜ ಅಮ್ಮ, ಅಡಿಕೆಯಲ್ಲಿರೋ ಅರೆಕೋಲಿನ್‌ನ ಹಿಂದೆ ಡಾಕ್ಟ್ರುಗಳೇ ನಾಯಿಯ ಲಾಡಿಹುಳಕ್ಕೆ ಕೊಡ್ತಿದ್ರು. ಆದ್ರೆ ಸ್ವಲ್ಪ ಜಾಸ್ತಿ ಆದ್ರೂ ವಾಂತಿ, ಫಿಟ್ಸು. ಇಷ್ಟು ಸಣ್ಣ ಮರಿಗೆ ಬೇಡವೇ ಬೇಡ. ಈಗ ತೂಕ ನೋಡಿ ಕೊಡೋ ಒಳ್ಳೆ ಔಷಧಿ ಇದೆ" ಅಂದರು. ಅತ್ತೆ ಒಪ್ಪಿದರು. ಈಗ ಮಾತ್ರೆಯ ತಾರೀಕು ಅತ್ತೆಯೇ ನೆನಪಿಸುತ್ತಾರೆ. ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳಾಗುವ ತನಕ ತಿಂಗಳಿಗೊಮ್ಮೆ. ದೊಡ್ಡವರ ಅನುಭವವನ್ನು ತಳ್ಳಿಹಾಕದೆ ತಿದ್ದುವ ಡಾಕ್ಟ್ರು ಸಿಕ್ಕರೆ ಮನೆಯವರೆಲ್ಲ ಅವರ ಮಾತು ಕೇಳುತ್ತಾರೆ.

ಉಣುಗಿನ ವಿಷಯಕ್ಕೂ ಹೀಗೇ. ನಮ್ಮ ಜಿಲ್ಲೆಯಲ್ಲಿ ಉಣುಗು ಅಂದರೆ ಅದು ಕಚ್ಚಿ ಹರಡುವ ಮಂಗನ ಕಾಯಿಲೆ ನೆನಪಾಗಿ ಎದೆ ಝಲ್ ಅನ್ನುತ್ತದೆ. 1957ರಲ್ಲಿ ಆ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಊರೊಳಗಿನ ನಾಯಿಗೆ ಸಾಮಾನ್ಯವಾಗಿ ಹತ್ತುವ ಕಂದು ಉಣುಗು ಬೇರೆ ಜಾತಿ. ಅದರಿಂದ ನಾಯಿಗೆ ಬೇರೆಯೇ ಜ್ವರ ಬರುತ್ತದೆ, ರಕ್ತಪರೀಕ್ಷೆ ಮಾಡಿ ನೋಡಬೇಕಾಗುತ್ತದೆ. ದನದ ಉಣುಗಿಗೆ ತಂದಿಟ್ಟ ಔಷಧಿಯನ್ನು ಅಂದಾಜಿನಲ್ಲಿ ಮರಿಯ ಮೈಗೆ ಸುರಿಯಬೇಡಿ ಅಂತ ಮೇಡಂ ಖಡಾಖಂಡಿತವಾಗಿ ಹೇಳಿದ್ದಾರೆ. ಮರಿಗಳು ಮೈ ನೆಕ್ಕಿಕೊಳ್ಳುತ್ತವೆ, ವಿಷವಾಗುತ್ತದೆ.

ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂದದ್ದು ರೇಬಿಸ್ ಲಸಿಕೆಯ ಹೊತ್ತಿಗೆ. ಮೂರು ತಿಂಗಳಿಗೆ ಹಾಕಿಸಬೇಕು. ಮೇಡಂ ಹತ್ತಿರವೂ ಆ ಲಸಿಕೆ ಇತ್ತು. ಆದರೂ "ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಸ್ಟಾಕ್ ಇದ್ರೆ ಅಲ್ಲೇ ಹಾಕಿಸಿ, ನಿಮಗೆ ಉಳಿಯುತ್ತೆ" ಅಂದರು. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನಕ್ಕೆ ಎಷ್ಟೋ ಕಡೆ ಉಚಿತವಾಗಿಯೇ ಹಾಕುತ್ತಾರೆ, ಆದರೆ ಮರಿಗೆ ಅಲ್ಲಿಯವರೆಗೆ ಕಾಯಬೇಡಿ ಅಂತಲೂ ಸೇರಿಸಿದರು. ತನಗೆ ಬರುವ ದುಡ್ಡನ್ನು ಬಿಟ್ಟು ಇನ್ನೊಂದು ಕಡೆ ಕಳಿಸುವವರನ್ನು ನಂಬದೆ ಇನ್ಯಾರನ್ನು ನಂಬಲಿ?

ತಮ್ಮ ಕೈಲಿ ಏನಾಗುವುದಿಲ್ಲ ಅನ್ನುವುದನ್ನೂ ಅವರು ಮೊದಲೇ ಹೇಳಿದ್ದರು. ಎಕ್ಸ್-ರೇ ಇಲ್ಲ. ರಾತ್ರಿ ಇರಿಸಿಕೊಳ್ಳುವುದಿಲ್ಲ. ಹತ್ತು ಗಂಟೆ ಮೇಲೆ ಫೋನ್ ಎತ್ತುವುದಿಲ್ಲ. ಜುಲೈಯಲ್ಲಿ ಒಂದು ರಾತ್ರಿ ಒಂಬತ್ತರ ಸುಮಾರಿಗೆ ಹುರುಳಿಯ ಬಾಯಿಂದ ನೂಲು ನೇತಾಡುತ್ತಿತ್ತು. ನನ್ನ ಅಂಗಡಿಯದೇ ನೀಲಿ ನೂಲು. ಮಗ ಎಳೆಯಲು ಹೋದ, ತಡೆದು ಫೋನ್ ಮಾಡಿದೆ. "ಎಳೀಬೇಡಿ, ಎಳೀಬೇಡಿ" ಅಂತಲೇ ಶುರು ಮಾಡಿದರು. ಒಳಗಿನ ತುದಿ ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಎಳೆದಾಗ ಕರುಳು ಕೊಯ್ದುಹೋಗುತ್ತದೆ. ಆಮೇಲಿನ ಪ್ರಶ್ನೆ, "ಸೂಜಿ ಇತ್ತಾ ನೂಲಿಗೆ?" ನನಗೆ ಗೊತ್ತಿರಲಿಲ್ಲ. ಮಳೆಯಲ್ಲೇ ಬಂದು ಕ್ಲಿನಿಕ್ ತೆಗೆದರು. ಟಾರ್ಚ್ ಹಿಡಿದು ನಾಲಿಗೆಯ ಅಡಿ ನೋಡಿದರು, ಅಲ್ಲಿ ಸುತ್ತಿಕೊಂಡಿರಲಿಲ್ಲ. ಹೊರಗಿದ್ದಷ್ಟನ್ನು ಕತ್ತರಿಸಿದರು. ಬೆಳಿಗ್ಗೆ ನಮ್ಮೂರ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು.

ಆ ಆಸ್ಪತ್ರೆಯ ಬಗ್ಗೆ ಹೇಳಲೇಬೇಕು. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಇಂಥ ಕಾಲೇಜುಗಳು ಬೆಂಗಳೂರಿನ ಹೆಬ್ಬಾಳ, ಹಾಸನ, ಬೀದರ್‌ನಲ್ಲೂ ಇವೆ. ಸರದಿಯಲ್ಲಿ ಕಾಯಬೇಕು, ವಿದ್ಯಾರ್ಥಿಗಳು ಮೊದಲು ನೋಡುತ್ತಾರೆ, ಆಮೇಲೆ ಪ್ರೊಫೆಸರ್ ಬರುತ್ತಾರೆ. ಒಂದೇ ಪ್ರಶ್ನೆಗೆ ನಾಲ್ಕು ಜನಕ್ಕೆ ಉತ್ತರ ಹೇಳಬೇಕಾಗಬಹುದು. ಆದರೆ ನಾನು ಕೊಟ್ಟ ದುಡ್ಡು ಖಾಸಗಿಯಲ್ಲಿ ಕೇಳಿದ್ದಕ್ಕಿಂತ ಬಹಳ ಕಡಿಮೆ. ಎಕ್ಸ್-ರೇಯಲ್ಲಿ ನೂಲು ಕಾಣುವುದಿಲ್ಲ, ಸೂಜಿ ಇದ್ದರೆ ಬೆಳ್ಳಗೆ ಕಾಣುತ್ತದೆ. ಇರಲಿಲ್ಲ. ಮಾರನೇ ದಿನ ನೂಲು ಕಕ್ಕಸಿನಲ್ಲಿ ತಾನಾಗಿ ಹೊರಗೆ ಬಂತು.

ಈಗ ಮುಂದಿರುವುದು ಮರಿ ಆಗದಂತೆ ಮಾಡಿಸುವ ಆಪರೇಷನ್. ಮೇಡಂ ಅದಕ್ಕೂ ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ: ರಕ್ತಪರೀಕ್ಷೆ, ಅರಿವಳಿಕೆ, ಹೊಲಿಗೆ, ಆಮೇಲಿನ ಮಾತ್ರೆ, ಕುತ್ತಿಗೆಗೆ ಹಾಕುವ ಕಾಲರ್, ಒಂದೊಂದಕ್ಕೂ ಬೇರೆ ಬೇರೆ ದರ. ಕೆಳಗೆ ತಾವೇ "ಕಾಲೇಜಿನಲ್ಲೂ ಕೇಳಿ ನೋಡಿ" ಅಂತ ಬರೆದಿದ್ದಾರೆ. ಸೋಮವಾರ ಅಂಗಡಿಗೆ ರಜೆ ಹಾಕಿ ಆ ಹಾಳೆ ಹಿಡಿದುಕೊಂಡು ಕಾಲೇಜಿಗೆ ಹೋಗುತ್ತೇನೆ.